ವಕಾಲತ್ತು ಬರೆಸಿಕೊಳ್ಳದ ಕೇಸು

ಮಾರ್ಚ್ ೧೧, ಬುಧವಾರ

ಬಲಗೈ ಗೆಣ್ಣುಗಳ ಊತ ಇಳಿದಿಲ್ಲ. ಪೆನ್ನು ಹಿಡಿದರೆ ಜೀವ ಹೋಗುತ್ತದೆ.

ಮಧ್ಯಾಹ್ನ ಆ ವಿಧವೆ ಆಫೀಸಿಗೆ ಬಂದಳು. ಔಷಧಿ ಅಂಗಡಿಯವನು ಕಲಬೆರಕೆ ಮಾತ್ರೆ ಕೊಟ್ಟು ತನ್ನ ಗಂಡನನ್ನು ಕೊಂದನೆಂದು ಮೂರು ತಿಂಗಳು ನನ್ನೆದುರು ಅತ್ತವಳು. ಸಾಕ್ಷಿಯಿಲ್ಲ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇಂಥವಕ್ಕೆ ನಾನು ವಕಾಲತ್ತು ಬರೆಸಿಕೊಳ್ಳುವುದಿಲ್ಲ, ಕೈಯಲ್ಲೇ ತೀರ್ಪು ಕೊಡುತ್ತೇನೆ. ಸೋಮವಾರ ಮುಸುಕು ಹಾಕಿಕೊಂಡು ಹೋಗಿ ಕೊಟ್ಟೆ. “ನಾನೇನ್ ಮಾಡ್ದೆ ಸ್ವಾಮಿ?” ಎಂದು ಅವನು ಕೇಳಿದಾಗ ನಾಟಕವೆಂದುಕೊಂಡು ಇನ್ನೆರಡು ಬಿಟ್ಟೆ.

ಇವತ್ತು ಅವಳು ಅಳಲಿಲ್ಲ, ಕೂರಲೂ ಇಲ್ಲ.

“ಅಂಗಡಿಯವರು ಏನೂ ತಪ್ಪು ಮಾಡಿಲ್ಲ ಸಾರ್. ಎಲ್ಲಾ ನಾನೇ ಕಟ್ಟಿದ ಕಥೆ. ಒಂಬತ್ತು ವರ್ಷದ ಹಿಂದೆ ನೀವು ಕಾಲು ಮುರಿದ್ರಲ್ಲ, ಆ ಕಂಟ್ರಾಕ್ಟರ್ ಹೆಂಡತಿ ನಾನು. ಮುಸುಕಿದ್ರೂ ನಿಮ್ಮ ದನಿ ಅವರಿಗೆ ಗುರುತು ಸಿಕ್ಕಿತ್ತು. ಸಾಯೋವರೆಗೂ ಕುಂಟಿದ್ರು.”

ಮೂರು ಕೇಸುಗಳಲ್ಲಿ ನನ್ನನ್ನು ಸೋಲಿಸಿ ನಕ್ಕವನು. ಅವನಿಗೊಬ್ಬ ಹೆಂಡತಿ ಇರಬಹುದೆಂದು ನನ್ನ ತಲೆಗೇ ಬಂದಿರಲಿಲ್ಲ.

“ಪೊಲೀಸರ ಹತ್ರ ಹೋಗ್ತೀರಾ?” ಎಂದೆ.

“ನಾನ್ಯಾಕೆ ಹೋಗ್ಲಿ? ನಾನಿಲ್ಲಿಗೆ ಬರ್ತಿದ್ದೆ ಅನ್ನೋದಕ್ಕೆ ಒಂದು ಚೀಟಿನೂ ಇಲ್ವಲ್ಲ. ಅಂಗಡಿಯವರು ಆಸ್ಪತ್ರೇಲಿದಾರೆ. ಹೊಡೆದವರ ಮೇಲೆ ಕೇಸು ಹಾಕೋಕೆ ಅವರ ತಂಗಿ ಒಳ್ಳೇ ಲಾಯರ್ ಹುಡುಕ್ತಿದ್ರು. ನಿಮ್ಮ ಹೆಸರು ಹೇಳಿದೀನಿ. ನಾಳೆ ಹತ್ತಕ್ಕೆ ಬರ್ತಾರೆ.”

ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದಳು.

ಆಗಲ್ಲ ಎಂದರೆ ಯಾಕೆ ಎನ್ನುತ್ತಾರೆ. ಹೂಂ ಎಂದರೆ ವಕಾಲತ್ತಿನಲ್ಲಿ ಆ ತಂಗಿಯ ಸಹಿಯ ಕೆಳಗೆ ನಾನೂ ಸಹಿ ಹಾಕಬೇಕು. ಈ ಪುಟದಲ್ಲೇ ನನ್ನ ಅಕ್ಷರ ಸೊಟ್ಟಸೊಟ್ಟಗೆ ಬಿದ್ದಿದೆ. ಕೈಗೆ ಏನಾಯ್ತು ಸಾರ್ ಎಂದು ಆಕೆ ಕೇಳಿದರೆ