ಬಲ್ಬು ಹತ್ತದ ಬಾಗಿಲು

ಜೂನ್ 3, ಸೋಮವಾರ. ಬೆಳಿಗ್ಗೆ 6.40

'ದನಿ ಬಂದ ದಾರಿಯಲ್ಲೇ ಜನ ಬರುತ್ತಾರೆ...' ಹೀಗೇನೋ ಒಂದು ಸಾಲು. ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಯಾರೋ ಬರೆದಿದ್ದರು. ಮುಂದಿನದು ಮರೆತಿದೆ. ನಿಜವೇ ಇದು? ದನಿ ಬಂದು ಎರಡು ತಿಂಗಳಾಯಿತು. ಜನ?

ಎಂಟನೇ ವಯಸ್ಸಿನ ಜ್ವರದಲ್ಲಿ ಹೋದ ಕಿವಿ. ನಲವತ್ತೆಂಟಕ್ಕೆ ಆಪರೇಷನ್ — ಒಳಗೊಂದು ತಂತಿ, ಕಿವಿಯ ಹಿಂದೊಂದು ಮಿಷನ್. ಅಕ್ಕಿ ತೊಳೆದರೂ ಟಿಣ್. ಗೆಜ್ಜಲಗೆರೆ ಫ್ಯಾಕ್ಟರಿ ಬಸ್ಸು ಹೋದರೂ ಟಿಣ್.

ಮೈಸೂರಿನ ಥೆರಪಿಸ್ಟ್ ಸಿಂಧು ಮುಚ್ಚಿಡದೆ ಹೇಳಿದ್ದಾಳೆ — ನಲವತ್ತು ವರ್ಷದ ಗ್ಯಾಪ್ ಮೇಡಂ, ಶಬ್ದ ಸಿಗುತ್ತೆ, ಮಾತು ಸಿಗದೇ ಇರಬಹುದು. ಇಷ್ಟು ವರ್ಷ ತುಟಿ ಓದಿಯೇ ನಡೆಸಿದ್ದೀರಿ, ಇನ್ನು ದಿನಾ ಅರ್ಧ ಗಂಟೆ ಯಾರಾದರೂ ಬಾಯಿ ಮರೆಮಾಡಿಕೊಂಡು ಮಾತಾಡಬೇಕು, ತುಟಿ ಕಾಣಬಾರದು. ಮನೆಯಲ್ಲಿ ಯಾರಿದ್ದಾರೆ?

ಹೋಮ್‌ವರ್ಕ್ ಪುಸ್ತಕದಲ್ಲಿ ಆ ಖಾನೆ ಖಾಲಿ ಬಿಟ್ಟೆ.

ಜೂನ್ 9, ಭಾನುವಾರ

ಬಲ್ಬು ಹತ್ತಿತು. ಬೆಲ್ಲಿನ ಬದಲು ಹಾಕಿಸಿದ್ದು — ಹೊರಗೆ ಸ್ವಿಚ್ ಒತ್ತಿದರೆ ಒಳಗೆ ಬೆಳಕು. ಪಕ್ಕದ ಮನೆಯ ಚಿಕ್ಕಬೋರಮ್ಮ, ಸೊಪ್ಪು ಹಿಡಿದುಕೊಂಡು. ನಾಚಿಕೆ ಬಿಟ್ಟು ಅವರನ್ನೇ ಕೇಳಿದೆ.

ಸೆರಗು ಬಾಯಿಗೆ ಅಡ್ಡ ಹಿಡಿದು ಕೂತರು. ನಗು ತಡೆಯದೆ ಇಳಿಸಿ, "ಒಸಾ ಸೊಸೆ ಕುಂತಂಗೆ ಕುಂತಿವ್ನಲ್ಲವ್ವ ನಾನು!"

ಹೋಮ್‌ವರ್ಕಿನ ಪ್ರಕಾರ ಅವರು ಮೊದಲು ಶ್ ಅನ್ನಬೇಕು, ಆಮೇಲೆ ಸ್; ಯಾವುದು ಯಾವುದೆಂದು ನಾನು ಹೇಳಬೇಕು. ಅವರ ಬಾಯಲ್ಲಿ ಎರಡೂ ಒಂದೇ. ತಪ್ಪು ನನ್ನ ಲೆಕ್ಕಕ್ಕೆ. ಪದಗಳ ಪಟ್ಟಿ ಓದಲು ಅವರಿಗೆ ಅಕ್ಷರ ಬಾರದು. "ನಂಗ್ ತಿಳ್ದಿದ್ ಮಾತಾಡ್ತೀನಿ ಬುಡು." ಮತ್ತೆ ಸೆರಗು. ಅರ್ಧ ಗಂಟೆ, ಟಿಣ್ ಟಿಣ್. ಅಭ್ಯಾಸಬಲದಿಂದ ತಲೆಯಾಡಿಸುತ್ತಲೇ ಇದ್ದೆ.

ಸೆರಗು ಇಳಿಯಿತು. "ತಿಳೀತಾ?"

"ತಿಳೀತು."

"ಏನಂದೆ, ಯೋಳು."

ಮತ್ತೆ ತಲೆಯಾಡಿಸಿದೆ.

"ಸುಳ್ಳಿ! ಇಸ್ಟು ವರ್ಸವೂ ಇಂಗೇ ತಲೆ ಆಡುಸ್ತಿದ್ದೆಯಾ ನನ್ ಮುಂದೆ?"

ಹೌದು.

ಜೂನ್ 20, ಗುರುವಾರ

ಆಫೀಸಿನಲ್ಲಿ ಶಶಿಧರ್ ಚೀಟಿ ಬರೆಯುವುದು ನಿಲ್ಲಿಸಿದ್ದಾರೆ. ಹನ್ನೊಂದು ವರ್ಷ ಪಕ್ಕದ ಟೇಬಲ್ಲಿನಿಂದ ಬಂದ ಚೀಟಿಗಳು. ಇವತ್ತು ಬೀರುವಿನ ಕಡೆ ಮುಖ ಮಾಡಿಕೊಂಡೇ ಏನೋ ಹೇಳಿದರು. ಎದುರಿಗೆ ಹೋಗಿ ನಿಂತೆ.

"ಈಗ ಕೇಳುತ್ತಲ್ಲ ಮೇಡಂ!" ಎಷ್ಟು ಖುಷಿ ಆ ಮುಖದಲ್ಲಿ. ಹೌದು ಅಂದೆ. ಚೀಟಿಯೂ ಹೋಯಿತು, ಮಾತೂ ಬರಲಿಲ್ಲ.

ಜೂನ್ 25

ಚಿಕ್ಕಬೋರಮ್ಮ ಎಂಟು ದಿನ ಕೂತರು. ಒಂದು ಪದವೂ ಇಲ್ಲ. ನಾಳೆಯಿಂದ ಬೇಡ ಅಂದೆ. ಮಿಷನ್ ಡಬ್ಬಿಗೆ ಹಾಕಿದೆ.

ಜುಲೈ 14, ಭಾನುವಾರ

ಡಬ್ಬಿಯಲ್ಲೇ ಇದೆ. ಹತ್ತೊಂಬತ್ತು ದಿನ. ಪದ್ಯ ಓದಿಕೊಂಡೆ. ಕಣ್ಣು ನನಗೆ ಎಂದೂ ಮೋಸ ಮಾಡಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಹೇಳಿಕೊಳ್ಳಲು ಯಾರು...

ಸಂಜೆ ಎರಡು ಸಲ ಬಲ್ಬು ಹತ್ತಿತು. ಏಳಲಿಲ್ಲ.

ಜುಲೈ 15

ಸಿಂಧು ಮೆಸೇಜು. ಗುರುವಾರ ಟೆಸ್ಟು, ತುಟಿ ನೋಡದೆ ಇಪ್ಪತ್ತು ಪದ. 'ಒಂದೂ ಸಿಗದಿದ್ದರೆ ಬೇಜಾರಿಲ್ಲ ಮೇಡಂ. ಮಿಷನ್ ಹಾಕ್ಕೊಳ್ತಿದ್ದೀರಾ, ಅದು ಹೇಳಿ.' ಉತ್ತರ ಬರೆಯುವ ಮೊದಲು ಡಬ್ಬಿ ತೆರೆದೆ. ಸುಳ್ಳಿ ಅನ್ನಿಸಿಕೊಂಡದ್ದು ಇನ್ನೂ ಚುಚ್ಚುತ್ತಿದೆ.

ಜುಲೈ 17, ಬುಧವಾರ. ಬೆಳಿಗ್ಗೆ 7.10

ಕರೆಂಟಿಲ್ಲ. ಕಾಫಿ ಸೋಸುತ್ತಿದ್ದೆ. ಟಿಣ್ ಟಿಣ್, ಬಾಗಿಲ ಕಡೆಯಿಂದ. ಚಿಲಕಕ್ಕೆ ಕೈ ಹಾಕಿದವಳು ನಿಂತುಬಿಟ್ಟೆ. ಬಡಿಯುವುದು ನಿಂತಿತು, ಆಚೆ ಇನ್ನೂ ಏನೋ ಇತ್ತು. ತುಟಿ ಇಲ್ಲ. ಸೆರಗೂ ಇಲ್ಲ. ನಡುವೆ ಮುಚ್ಚಿದ ಮರದ ಬಾಗಿಲು. ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಪದಗಳು ಒಂದೊಂದೇ ಸಿಕ್ಕವು.

ತೆಗೆದಾಗ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ತಟ್ಟೆ ಮುಚ್ಚಿದ ಬಟ್ಟಲು, ಬಿಸಿ ಉಪ್ಸಾರು. ಎಷ್ಟು ವರ್ಷದಿಂದ ಹೀಗೆ ಕರೆಂಟು ಹೋದಾಗಲೆಲ್ಲ ಬಂದು ನಿಂತಿದ್ದಾರೋ. ಈಗಲೇ ಹೋಗಬೇಕು ಪಕ್ಕದ ಮನೆಗೆ. ಮರೆಯುವ ಮೊದಲು, ಸಿಕ್ಕಷ್ಟು, ಸಿಕ್ಕ ಹಾಗೇ —

"ಕರೆಂಟು... ಬಲ್ಬು ಅತ್ತಕ್ಕಿಲ್ಲ... ನಾ ಬಂದಿದ್ದು ನಿಂಗೆ ಗೊತ್ತಾಗಕ್ಕಿಲ್ಲ... ಆದ್ರೂವೆ ಯೋಳ್ಬುಟ್ಟು ಓಯ್ತೀನಿ ಕಣವ್ವ..."