ಮೆತ್ತಗಿನ ಶಾಕ್ ಅಬ್ಸಾರ್ಬರ್

ತಾರೀಖು ೧೪, ಗುರುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಮಹನೀಯರೇ! ಇಂದಿನ ಉಪನ್ಯಾಸದ ವಿಷಯ, ನನ್ನ ಪಿಕಪ್ ಗಾಡಿಗೆ ಯಾವ ಶಾಕ್ ಅಬ್ಸಾರ್ಬರ್ ಹಾಕಿಸಬೇಕು ಎಂಬುದು. ಗಟ್ಟಿಯಾದರೆ ಗಾಡಿಗೆ ಹಿತ, ಮೆತ್ತಗಾದರೆ ಮೈಗೆ ಹಿತ, ಎರಡೂ ಬೇಕೆಂದವನ ಪಾಡು ವಿಪರೀತ. ಚಪ್ಪಾಳೆ ಬರಲಿಲ್ಲ. ಇರಲಿ.

ಮೆಕ್ಯಾನಿಕ್ ಗಾಡಿಯ ಹಿಂಬದಿಯ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟ. ಗಾಡಿ ಕುಣಿದದ್ದೇ ಕುಣಿದದ್ದು. ಹಳೆಯವುಗಳ ಕಥೆ ಮುಗಿದಿತ್ತು.

"ಕಲ್ಲು ಚಪ್ಪಡಿ ಹೊರೋ ಗಾಡಿ ಯಜಮಾನ್ರೇ, ಗಟ್ಟಿದೇ ಹಾಕಿಸಿ."

"ಮೆತ್ತಗಿರೋದೇ ಹಾಕು. ಪಕ್ಕದಲ್ಲಿ ಕೂರೋ ತಮ್ಮನಿಗೆ ಸೊಂಟ ನೋವು ಕಣಯ್ಯ."

"ತಮ್ಮನ ಸೊಂಟ ಉಳಿಸೋಕೆ ಗಾಡಿ ಸೊಂಟ ಮುರೀತೀರಾ? ಮೆತ್ತಗಿನ ಶಾಕ್ ವರ್ಷ ತುಂಬೋದ್ರೊಳಗೆ ಎಣ್ಣೆ ಕಕ್ಕಿ ಕೆಡುತ್ತೆ. ಆಮೇಲೆ ನನ್ನ ಬೈಬೇಡಿ."

"ಬೈಯಲ್ಲ, ಹಾಕು ಮಹರಾಯ."

ಗೊಣಗುತ್ತಲೇ ಹಾಕಿಕೊಟ್ಟ. ಮನೆಗೆ ಬರುವಾಗ ಶಾಲೆಯ ಮುಂದಿನ ಉಬ್ಬು ಸಿಕ್ಕಿತು. ತಮ್ಮ ಯಾವಾಗಲೂ "ನಿಧಾನ ಕಣೋ ಅಣ್ಣ" ಎಂದು ಹಲ್ಲು ಕಚ್ಚುತ್ತಿದ್ದ ಉಬ್ಬು ಅದು. ಗಾಡಿ ತೊಟ್ಟಿಲಿನ ಹಾಗೆ ಒಮ್ಮೆ ತೂಗಿ ಸುಮ್ಮನಾಯಿತು. "ಈಗ ಹೇಗಿದೆಯೋ?" ಎಂದು ಪಕ್ಕಕ್ಕೆ ತಿರುಗಿದೆ. ಸೀಟಿನ ಮೇಲೆ ನನ್ನ ಊಟದ ಡಬ್ಬಿ ಮಾತ್ರ ಇತ್ತು.

ಆದ್ದರಿಂದ ಸಭಿಕರೇ...

ಸಾಕು ಈ ಭಾಷಣ. ನನ್ನ ತಮ್ಮ ಈ ಗಾಡಿ ಹತ್ತುವುದು ಬಿಟ್ಟು ಹನ್ನೊಂದು ತಿಂಗಳಾಯಿತು. ಅವನು ಚಪ್ಪಡಿ ಇಳಿಸಲಾರದೆ ಸೊಂಟ ಹಿಡಿದು ಕೂತ ದಿನ, ಗಿರಾಕಿಗಳೆದುರು "ಕೆಲಸಗಳ್ಳ, ನಾಟಕ ಆಡ್ತೀಯಾ?" ಎಂದವನು ನಾನೇ. ಫೋನ್ ಮಾಡಿ ತಪ್ಪಾಯಿತು ಎನ್ನಲು ಇವತ್ತೂ ಬಾಯಿ ಬರಲಿಲ್ಲ. ಶಾಕ್ ಬದಲಾಯಿಸಿಕೊಂಡು ಬಂದೆ.