ಲಕೋಟೆಯಲ್ಲಿ ಬರುವ ಸಂಬಳ

ಫೋಕ್ಷಾನಿ,
14 ನವೆಂಬರ್, ಗುರುವಾರ

ಪ್ರೀತಿಯ ಮಗ ಸೊರಿನ್‌ಗೆ ಅಮ್ಮನ ಆಶೀರ್ವಾದಗಳು.

ಮಂಡಿನೋವು ಹೇಗಿದೆ? ದಿನವಿಡೀ ಮೊಣಕಾಲೂರಿ ಟೈಲ್ಸ್ ಕೂರಿಸುವವನು ಮಂಡಿಯಡಿಗೆ ದಪ್ಪ ಬಟ್ಟೆಯನ್ನಾದರೂ ಹಾಕಿಕೊಳ್ಳಬೇಕು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಕಾನ್‌ಸ್ಟಾಂಟ್ಸಾದ ಸಮುದ್ರದ ಗಾಳಿ ಈಗ ಮೂಳೆಗೇ ಇಳಿಯುವ ಕಾಲ. ಈ ಕಾಗದದ ಜೊತೆಗೆ ಬಸ್ ಡ್ರೈವರ್ ಕೈಲಿ ಎರಡು ಬಾಟಲಿ ಬದನೆಕಾಯಿ ಗೊಜ್ಜು ಕಳಿಸುತ್ತಿದ್ದೇನೆ. ಮೆಣಸಿನಕಾಯಿ ಸ್ವಲ್ಪ ಸೀದಿದೆ, ತಕರಾರು ಮಾಡದೆ ತಿನ್ನು. ನಾನು ಚೆನ್ನಾಗಿದ್ದೇನೆ. ಚಳಿಗಾಲದ ಉಪ್ಪಿನಕಾಯಿಗೆ ಎಲೆಕೋಸನ್ನು ಪೀಪಾಯಿಗೆ ಹಾಕಿ ಆಯಿತು.

ಇನ್ನು ಕೋರ್ಟಿನ ವಿಷಯ. ಲುಮಿನಿತ್ಸಾ ನಿನ್ನಿಂದ ಬೇರೆಯಾದ ಮೇಲೆ ಮಗಳು ಇಲಿಂಕಾಳ ಖರ್ಚಿಗೆ ನೀನು ತಿಂಗಳಿಗೆ ಎಷ್ಟು ಕೊಡಬೇಕು ಎಂಬುದು ಸೋಮವಾರ ತೀರ್ಮಾನವಾಯಿತು. ನೀನು ಬರಲಿಲ್ಲ. ವಕೀಲನನ್ನು ಕಳಿಸಿದೆ, ಸಾಕ್ಷಿಗೆ ನನ್ನನ್ನು ನಿಲ್ಲಿಸಿದೆ. ಒಂದು ಮಗುವಿದ್ದರೆ ಸಂಬಳದ ಕಾಲು ಭಾಗದವರೆಗೆ ಕೊಡಿಸಬಹುದು, ನಿನ್ನ ಸಂಬಳ ಕಾಗದದ ಮೇಲೆ ಇಷ್ಟೇ, ಆದ್ದರಿಂದ ಆರುನೂರು ಲೇಯ್ ಮೀರುವುದಿಲ್ಲ ಎಂದು ನಿನ್ನ ವಕೀಲ ಮೆಟ್ಟಿಲ ಮೇಲೇ ನನಗೆ ಪಾಠ ಒಪ್ಪಿಸಿದ. ಯಾರು ಏನೇ ಕೇಳಿದರೂ "ನನಗೊತ್ತಿಲ್ಲ, ಮಗ ಕಷ್ಟದಲ್ಲಿದ್ದಾನೆ" ಅಂದರೆ ಸಾಕಂತೆ. ನಾನೂ ಹಾಗೇ ಹೇಳುವುದೆಂದು ಒಳಗೆ ಹೋದೆ. ಲುಮಿನಿತ್ಸಾ ಮಗುವಿನ ಬೂಟು, ಮನೆಯ ಹೀಟರ್, ಹಲ್ಲಿನ ತಂತಿ ಎಲ್ಲದರ ಲೆಕ್ಕ ಕೊಟ್ಟಳು. ತಂತಿಗೇ ಬಹಳ ಆಗುತ್ತದೆ, ಅದು ಸುಳ್ಳಲ್ಲ. ಇಲಿಂಕಾ ಈಗ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೀನು ಬೇಸಿಗೆಯಲ್ಲಿ ಬಂದಾಗ ಆ ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ.

ಆಮೇಲೆ ನಿನ್ನ ವಕೀಲ ಎದ್ದು, "ನಮ್ಮ ಕಕ್ಷಿದಾರ ಸಾಮಾನ್ಯ ಕೂಲಿ, ಕಸುಬು ಅಷ್ಟಕ್ಕಷ್ಟೇ, ಯಾರಾದ್ರೂ ಕರೆದ್ರೆ ಉಂಟು ಇಲ್ಲಾಂದ್ರೆ ಇಲ್ಲ" ಅಂದುಬಿಟ್ಟ. ಊರವರ ಎದುರಿಗೆ! ನನಗೆ ತಡೆಯಲಾಗದಷ್ಟು ಅವಮಾನವಾಯಿತು, ಸೊರಿನ್. ನಿಮ್ಮಪ್ಪನ ಕೈಕೆಳಗೆ ಹತ್ತು ವರ್ಷ ಕೆಲಸ ಕಲಿತವನು ನೀನು. ನನ್ನ ಸರದಿ ಬಂದಾಗ ನ್ಯಾಯಾಧೀಶೆಗೆ ಹೇಳಿದೆ: "ತಾಯೀ, ಆ ವಕೀಲ್ರಿಗೆ ಏನೂ ಗೊತ್ತಿಲ್ಲ. ನನ್ ಮಗನಂಥ ಟೈಲ್ಸ್ ಕೆಲಸಗಾರ ಈ ಜಿಲ್ಲೇಲೇ ಇಲ್ಲ. ಜನ ಚಳಿಗಾಲ ಕಳೆಯೋವರೆಗೂ ಅವನಿಗೋಸ್ಕರ ಕಾಯ್ತಾರೆ. ಮೊನ್ನೆ ಹೊಸ ವ್ಯಾನ್ ತಗೊಂಡ." ಆಕೆ ಕನ್ನಡಕ ತೆಗೆದು, "ಅಷ್ಟು ಬೇಡಿಕೆ ಇರೋನಿಗೆ ಇಷ್ಟೇ ಸಂಬಳಾನಾ ಅಜ್ಜಿ?" ಅಂದರು. "ಅದು ಕಾಗದದ ಮೇಲಿನದು ತಾಯೀ, ಮಿಕ್ಕಿದ್ದು ನಗದಾಗಿ ಲಕೋಟೇಲಿ ಬರುತ್ತೆ. ಎಲ್ಲರ ಮನೇಲೂ ಹಾಗೇ ಅಲ್ವಾ?" ಅಂದೆ. ಎಲ್ಲರೂ ನಕ್ಕರು. ಟೈಪ್ ಮಾಡುತ್ತಿದ್ದ ಹುಡುಗಿ ಮಾತ್ರ ನಗಲಿಲ್ಲ, ಅವಳ ಗಂಡನಿಗೂ ಲಕೋಟೆ ಬರುತ್ತದೋ ಏನೋ. ನಿನ್ನ ವಕೀಲ ತಲೆ ಮೇಲೆ ಕೈ ಹೊತ್ತು ಕೂತ.

ಸಾವಿರದ ಆರುನೂರು ಲೇಯ್ ಎಂದು ತೀರ್ಪಾಯಿತು. ಹೊರಗೆ ಲುಮಿನಿತ್ಸಾ ಓಡಿಬಂದು, "ಅತ್ತೆ, ಫೀಸು ತಗೊಂಡಿದ್ದು ನನ್ ವಕೀಲ, ಕೆಲಸ ಮಾಡಿದ್ದು ನೀವು" ಅಂದಳು. "ನಿನಗೋಸ್ಕರ ಹೇಳಿದ್ದಲ್ಲಮ್ಮ" ಅಂದೆ. ಅದೂ ನಿಜವೇ. ನೀನು ಸಿಟ್ಟಾಗಿರುತ್ತೀಯ, ಗೊತ್ತು. ನನಗೂ ನಿನ್ನ ಮೇಲೆ ಬೇಸರವಿದೆ. ಮಗಳಿಗೆ ಕೊಡುವ ದುಡ್ಡು ಉಳಿಸಲು ನಿನ್ನನ್ನೇ ನೀನು ಕೈಲಾಗದವನೆಂದು ಬರೆಸಿದೆಯಲ್ಲ, ಅದಕ್ಕೆ. ಕಾಲು ಭಾಗ ಕೊಟ್ಟರೂ ಮುಕ್ಕಾಲು ನಿನ್ನ ಕೈಲೇ ಉಳಿಯುತ್ತದೆ, ವ್ಯಾನಿನ ಕಂತೂ ನಡೆಯುತ್ತದೆ.

ದೇವಮಾತೆ ನಿನ್ನನ್ನು ಕಾಯಲಿ. ಕೆಲಸದವರಿಗೆಲ್ಲ ನಾನು ಕೇಳಿದೆನೆಂದು ಹೇಳು. ಬೆವರಿದ ಮೈಯಲ್ಲಿ ಕಿಟಕಿಯ ಗಾಳಿಗೆ ಕೂರಬೇಡ.

ನಿನ್ನ ಅಮ್ಮ,
ಪರಸ್ಕೀವಾ

ಮರೆತಿದ್ದೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನ ಕೋರ್ಟಿಗೆ ಹೋಗೋಣ ಎಂದು ನಿನ್ನ ವಕೀಲ ಕುಣಿಯುತ್ತಿದ್ದಾನೆ. ಹೋಗು, ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಗೂ ನನ್ನನ್ನು ಕರೆಸುತ್ತಾರಂತೆ. ಮೊನ್ನೆ ಗಡಿಬಿಡಿಯಲ್ಲಿ ಸಮುದ್ರದ ಪಕ್ಕದಲ್ಲಿ ನೀನು ಹಿಡಿದಿರುವ ಆ ಮೂರು ಹೋಟೆಲ್‌ಗಳ ಗುತ್ತಿಗೆಯನ್ನು ಹೇಳುವುದೇ ಬಿಟ್ಟುಹೋಗಿತ್ತು.